ನಾಯಿಯ ಹಿಂದಿನ ಹಕ್ಕಿಗಳು

ಕಳೆದ ವರ್ಷ ನಾನು ಆಸ್ಟ್ರೇಲಿಯಾ ಪೂರ್ತಿ ಸುತ್ತಿ ಆರುನೂರ ಹದಿನೆಂಟು ಬಗೆಯ ಹಕ್ಕಿಗಳ ಚಿತ್ರ ತೆಗೆದೆ. ಹಕ್ಕಿ ಹಿಂದೆ ಬಿದ್ದ ನಮ್ಮಂಥವರಿಗೆ ಇದೊಂದು ವ್ರತ. ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರವರೆಗೆ ಎಷ್ಟು ಬಗೆ ಸಿಕ್ಕಿತೋ ಅಷ್ಟು ನಿಮ್ಮ ಯೋಗ್ಯತೆ. ಒಂದು ಬಗೆಗೆ ಒಂದೇ ಚಿತ್ರ. ಎರಡನೆಯದಕ್ಕೆ ಕ್ಯಾಮೆರಾ ಎತ್ತಿದವರನ್ನು ಕೆಲಸವಿಲ್ಲದವರು ಎನ್ನುತ್ತೇವೆ. ಕರ್ಲ್ಯೂ ನನಗೆ ಜನವರಿಯಲ್ಲೇ ಸಿಕ್ಕಿತು, ಮನೆಯಿಂದ ಮೂರು ಸಾವಿರ ಕಿಲೋಮೀಟರ್ ಆಚೆ, ಬ್ರೂಮ್‌ನಲ್ಲಿ. ಪಟ್ಟಿಯಲ್ಲಿ ಗುರುತು ಹಾಕಿದೆ. ಆಮೇಲೆ ಆ ಹಕ್ಕಿಯ ಕಡೆ ತಿರುಗಿ ನೋಡಲಿಲ್ಲ.

ಕರ್ಲ್ಯೂ ಎಂದರೆ ಗೇಣುದ್ದದ ಬಾಗುಕೊಕ್ಕಿನ, ಕೆಸರಿನದೇ ಬಣ್ಣದ ದೊಡ್ಡ ಹಕ್ಕಿ. ಸೈಬೀರಿಯಾದ ಕಡೆ ಮರಿ ಮಾಡಿ, ಆಗಸ್ಟ್ ಕಳೆಯುವಷ್ಟರಲ್ಲಿ ಇಲ್ಲಿ ಇಳಿದು, ಮಾರ್ಚಿನಲ್ಲಿ ಮರಳುತ್ತದೆ. ಟ್ಯಾಲೋ ಕೊಲ್ಲಿಯಲ್ಲಿ ನನ್ನ ಮನೆಯೆದುರಿನ ಕೆಸರು ಬಯಲಿನಲ್ಲಿ, ಕಡಲು ಇಳಿದಾಗ, ಇನ್ನೂರಾದರೂ ಮೇಯುತ್ತವೆ. ಪ್ರವಾಸ ಮುಗಿಸಿ ಬಂದ ಮೇಲೆ ಮೂರು ತಿಂಗಳು ನಾನು, ಬಗೆಗೊಂದು ಒಳ್ಳೆಯ ಚಿತ್ರಕ್ಕೆಂದು ಹತ್ತಾರು ಸಲ ಒತ್ತಿ ಗುಡ್ಡೆಯಾಗಿದ್ದ ನಲವತ್ತು ಸಾವಿರ ಚಿತ್ರ ವಿಂಗಡಿಸುತ್ತ ಕೂತೆ. ಪರದೆಯ ಮೇಲೆ ಬೆಳಕು ಬೀಳುತ್ತದೆಂದು ಕಡಲ ಕಡೆಯ ಕಿಟಕಿಗೆ ದಪ್ಪ ಕಂಬಳಿ ಇಳಿಬಿಟ್ಟಿದ್ದೆ. ಕರ್ಲ್ಯೂಗಳ ಕೂಗು ಜಾಸ್ತಿಯಾದಾಗ ರೇಡಿಯೋ ಹಾಕುತ್ತಿದ್ದೆ.

ಜುಲೈಯಲ್ಲಿ ಆ ಬಯಲಿಗೆ ಮಣ್ಣು ತುಂಬಿ ಶ್ರೀಮಂತರ ದೋಣಿಗಳಿಗೆ ಬಂದರು ಕಟ್ಟುವ ಯೋಜನೆ ಹೊರಬಿತ್ತು. ಕಂಪನಿಯವರು ಸಂಬಳ ಕೊಟ್ಟು ಕರೆಸಿದ ತಜ್ಞ ಜೂನ್‌ನಲ್ಲಿ ಎರಡು ದಿನ ಬಯಲಿನಲ್ಲಿ ನಿಂತು, ‘ವಲಸೆ ಹಕ್ಕಿಗಳು ಇಲ್ಲ’ ಎಂದು ಬರೆದಿದ್ದ. ಬೇಸಿಗೆ ರಜೆಯಲ್ಲಿ ಶಾಲೆಗೆ ಹೋಗಿ ಊರಲ್ಲಿ ಮಕ್ಕಳೇ ಇಲ್ಲ ಎಂದು ಬರೆದ ಹಾಗೆ. ಅವನು ದಡ್ಡನಲ್ಲ. ಯಾವ ತಿಂಗಳು ಹೋಗಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಊರಾಡಳಿತದ ಕೌನ್ಸಿಲ್ ಕಚೇರಿಗೆ ಹೋದೆ. ಅಲ್ಲಿ ಯೋಜನೆಗಳ ಕಡತ ನೋಡುವ ಕ್ವೆನಲ್ ಮೇಡಂ ಕನ್ನಡಕ ಒರೆಸುತ್ತ ಕೇಳಿದರು.

“ಹಕ್ಕಿ ಇದಾವೆ ಅಂತೀರಲ್ಲ, ಫೋಟೋ ಕೊಡಿ. ಇದೇ ಬಯಲು ಕಾಣ್ಬೇಕು, ತಾರೀಖು ಇರ್ಬೇಕು, ಒಂದು ವರ್ಷದ ಒಳಗಿಂದಾಗಿರ್ಬೇಕು. ಈ ತಿಂಗಳ ಕೊನೇ ದಿನ ಸಂಜೆ ಐದರೊಳಗೆ.”

“ಈಗ ಹಕ್ಕಿ ಸೈಬೀರಿಯಾದಲ್ಲಿದಾವೆ ಮೇಡಂ.”

“ಹಳೇದು ಕೊಡಿ. ನೀವು ಫೋಟೋ ತೆಗಿಯೋರೇ ಅಲ್ವಾ?”

ನನ್ನ ಬಳಿ ಡಾರ್ವಿನ್ ಇತ್ತು, ಟಾಸ್ಮೇನಿಯಾ ಇತ್ತು, ಕ್ರಿಸ್‌ಮಸ್ ದ್ವೀಪದ ಕಡಲಹಕ್ಕಿ ಉಗುಳುವ ಚಿತ್ರವೂ ಇತ್ತು. ಮನೆಯೆದುರಿನದು ಒಂದೂ ಇರಲಿಲ್ಲ. ನಮ್ಮ ಪಕ್ಷಿಕೂಟದ ಹನ್ನೊಂದು ಮಂದಿಯನ್ನು ಕೇಳಿದೆ. ಎಲ್ಲರೂ ಕರ್ಲ್ಯೂವನ್ನು ಬೇರೆ ಕಡೆ ಮುಗಿಸಿಕೊಂಡಿದ್ದರು.

ಉಳಿದವನು ಪಕ್ಕದ ಮನೆಯ ಕ್ಲೈವ್. ಮೊದಲು ಸಿಗಡಿ ದೋಣಿಯಲ್ಲಿದ್ದವನು. ದಿನಾ ಬೆಳಿಗ್ಗೆ ತನ್ನ ನಾಯಿ ಗ್ರೇವಿಯನ್ನು ಹಗ್ಗವಿಲ್ಲದೆ ಬಯಲಿಗೆ ಬಿಟ್ಟು, ಅದರ ಫೋಟೋವನ್ನು ಪರ್ತ್‌ನಲ್ಲಿರುವ ಮಗಳಿಗೆ ಕಳಿಸುತ್ತಾನೆ. ಬಯಲಿನಲ್ಲಿ ನಾಯಿ ಬಿಡುವುದು ನಿಷಿದ್ಧ. ಅವನ ಮೇಲೆ ಕೌನ್ಸಿಲ್‌ಗೆ ಏಳು ದೂರು ಹೋಗಿದ್ದವು. ಏಳನ್ನೂ ಬರೆದವಳು ನಾನು.

ಬಾಗಿಲು ತೆರೆದವನು ಒಳಗೆ ಕರೆಯಲಿಲ್ಲ.

“ಎಂಟನೇದು ಖುದ್ದಾಗಿ ಕೊಡೋಕೆ ಬಂದ್ಯಾ ಗ್ಲೆನಿಸ್?”

“ನಿನ್ನ ಫೋನ್ ನೋಡ್ಬೇಕಿತ್ತು ಕ್ಲೈವ್. ಗ್ರೇವಿ ಫೋಟೋಗಳು.”

“ದೇಶ ಎಲ್ಲಾ ಸುತ್ತಿ ಬಂದೋಳಿಗೆ ನನ್ನ ನಾಯಿ ಫೋಟೋ ಬೇಕಾಯ್ತಾ! ನಿನ್ನ ಆ ಫಿರಂಗಿ ಲೆನ್ಸ್ ಏನಾಯ್ತು ಮಾರಾಯ್ತಿ?”

ನಾನು ಹೇಳಿದೆ. ಅವನು ಮೆಟ್ಟಿಲ ಮೇಲೆ ಕೂತು ತುಂಬ ಹೊತ್ತು ನಕ್ಕ. ಮೂಗು ಒರೆಸಿಕೊಂಡು ಫೋನ್ ಕೈಗಿಟ್ಟ.

ಆಗಸ್ಟ್ ಕೊನೆಯಿಂದ ಮಾರ್ಚಿನವರೆಗೆ ದಿನಕ್ಕೊಂದು ಗ್ರೇವಿ. ಎಲ್ಲದರಲ್ಲೂ ನಾಯಿಯ ನಾಲಿಗೆ ಸ್ಪಷ್ಟ. ಹದಿನಾರರಲ್ಲಿ ಹಿಂದೆ ಬಾಗುಕೊಕ್ಕುಗಳು, ಅದರಾಚೆ ನಮ್ಮ ಕೊಲ್ಲಿಯ ದೀಪಸ್ತಂಭ. ಒಂದರಲ್ಲಿ ಎಪ್ಪತ್ಮೂರು ಎಣಿಸಿದೆ, ಎಲ್ಲ ಹಾರುತ್ತಿದ್ದವು. ಅವುಗಳನ್ನು ಎಬ್ಬಿಸಿದ್ದು ಗ್ರೇವಿಯೇ.

“ಇದನ್ನ ಕೊಟ್ರೆ ನಿಂಗೇ ದಂಡ ಹಾಕ್ತಾರೆ,” ಎಂದೆ.

“ನೀನು ಏಳು ದೂರು ಬರೆದು ಬಯಸಿದ್ದು ಅದನ್ನೇ ಅಲ್ವಾ?” ನಾಯಿಯ ಕಿವಿ ತಿಕ್ಕುತ್ತ ಅವನು ಬಯಲಿನ ಕಡೆ ನೋಡಿದ. “ತಗೊಂಡ್ಹೋಗು. ಅಲ್ಲಿ ಆ ದುಡ್ಡಿನೋರ ದೋಣಿ ಬಂದ್ರೆ ಇವನು ಯಾರ್ನ ಓಡಿಸ್ಬೇಕು?”

ಕೊನೆಯ ದಿನ ನಾಲ್ಕೂವರೆಗೆ ಹದಿನಾರು ಚಿತ್ರ ಕೊಟ್ಟು ಬಂದೆ. ‘ಪರಿಶೀಲನೆಯಲ್ಲಿದೆ’ ಎಂಬ ಕಾಗದ ಬಂತು. ಒಂಬತ್ತು ದಿನಕ್ಕೆ ಕ್ಲೈವ್‌ಗೂ ಒಂದು ಕಾಗದ ಬಂತು. ಬಡವನ ನಾಯಿಯ ವಿಷಯದಲ್ಲಿ ಕೌನ್ಸಿಲ್ ಪರಿಶೀಲನೆಗೆ ಅಷ್ಟು ಸಮಯ ತೆಗೆದುಕೊಳ್ಳುವುದಿಲ್ಲ.

ಆಗಸ್ಟ್ ಮಧ್ಯದಲ್ಲಿ ಊರ ಸಭಾಂಗಣದಲ್ಲಿ ವಿಚಾರಣೆ. ತಜ್ಞ ಎದ್ದು, ಚಿತ್ರಗಳು ಮಸುಕಾಗಿವೆ, ಅವು ಯಾವ ಹಕ್ಕಿ ಎಂದು ಹೇಳಲಾಗದು, ಹಾಗಾಗಿ ಬಯಲಿನಲ್ಲಿ ವಲಸೆ ಹಕ್ಕಿಗಳಿಲ್ಲ ಎಂದ. ಕೌನ್ಸಿಲ್ ಅಧ್ಯಕ್ಷ ಹೌದೆಂದು ತಲೆಯಾಡಿಸಿದ.

ಹಿಂದಿನ ಸಾಲಿನಲ್ಲಿ ಕ್ಲೈವ್ ಎದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

“ಸಾರ್, ನಂಗೊಂದು ಅನುಮಾನ. ನಿಮ್ಮ ಕಾಗದ ಓದ್ತೀನಿ. ‘ಟ್ಯಾಲೋ ಕೆಸರು ಬಯಲಿನಲ್ಲಿ ಹದಿನಾರು ದಿನ, ಸಂರಕ್ಷಿತ ವಲಸೆ ಹಕ್ಕಿಯಾದ ಕರ್ಲ್ಯೂಗಳನ್ನು ನಾಯಿಯಿಂದ ಬೆದರಿಸಿದ್ದಕ್ಕೆ ದಂಡ.’ ಕೆಳಗೆ ಸಹಿ ನಿಮ್ದು, ಮುದ್ರೆ ಕೌನ್ಸಿಲ್‌ದು. ಈಗ ಹೇಳಿ ಸಾರ್. ಹಕ್ಕಿ ಇಲ್ಲ ಅಂದ್ರೆ ನನ್ನ ನಾಯಿ ಯಾರ್ನ ಬೆದರಿಸ್ತು?”

ಅಧ್ಯಕ್ಷ ಆ ಕಾಗದವನ್ನು ಎರಡು ಸಲ ಓದಿದ. ಸಹಿ ತನ್ನದೇ ಹೌದೋ ಎಂದು ಹತ್ತಿರ ಹಿಡಿದೂ ನೋಡಿದ. ಕ್ವೆನಲ್ ಮೇಡಂ ಮತ್ತೆ ಕನ್ನಡಕ ಒರೆಸಿದರು.

“ದಂಡ ವಾಪಸ್ ತಗೋಬಹುದು,” ಎಂದ ಅಧ್ಯಕ್ಷ.

“ಬೇಡ ಸಾರ್, ನಿನ್ನೇನೇ ಕಟ್ಟಿದೀನಿ. ರಸೀದಿನೂ ಇದೆ.”

ಯೋಜನೆ ತಿರಸ್ಕಾರವಾಗಲಿಲ್ಲ, ಅಂಥ ಪದ ಆ ಕಚೇರಿಯಲ್ಲಿ ಬಡವರ ಅರ್ಜಿಗಳಿಗೆ ಮಾತ್ರ ಬಳಕೆಯಲ್ಲಿದೆ. ಹಕ್ಕಿಗಳು ಬಂದ ಮೇಲೆ, ಬೇರೆ ತಜ್ಞರಿಂದ, ಮಾರ್ಚಿನವರೆಗೆ ಎಣಿಕೆ ನಡೆಯಲಿ, ಅಲ್ಲಿಯವರೆಗೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು ಎಂದಾಯಿತು.

ತಿಂಗಳ ಕೊನೆಗೆ ಮೊದಲ ಒಂಬತ್ತು ಕರ್ಲ್ಯೂಗಳು ಇಳಿದವು. ನಾನು ಕಿಟಕಿಯ ಕಂಬಳಿ ಕಿತ್ತು ಹೊರಗೆ ಹೋದೆ. ಕ್ಲೈವ್ ಗ್ರೇವಿಯನ್ನು ಹೊಸ ಹಗ್ಗದಲ್ಲಿ ಹಿಡಿದು ದಡದಲ್ಲಿ ನಿಂತಿದ್ದ. ನಾಯಿಗೂ ಅವನಿಗೂ ಆ ಹಗ್ಗ ಇಷ್ಟವಿದ್ದಂತಿರಲಿಲ್ಲ.

“ಫೋಟೋ ತೆಗಿ, ಮಗಳಿಗೆ ಕಳಿಸ್ಬೇಕು,” ಎಂದ. “ಈ ಸಲ ಹಕ್ಕಿನೂ ಸರಿಯಾಗಿ ಬರ್ಲಿ.”

ತೆಗೆದೆ. ಮಾರನೆಯ ದಿನವೂ ತೆಗೆದೆ.