ಏಳನೇ ಬಾಗಿಲಿನ ಹೂಂಗುಟ್ಟು

ಕಥೆ ಹೇಳುವವರ ಎದುರಿಗೆ ಹೂಂಗುಟ್ಟುವವರು ಒಬ್ಬರು ಕೂತಿರಬೇಕು. ಇಲ್ಲದಿದ್ದರೆ ನಮ್ಮ ಕಡೆ ಕಥೆ ಮುಂದಕ್ಕೆ ಕಾಲಿಡುವುದಿಲ್ಲ. ರಾಜ ಕುದುರೆ ಮೇಲೆ, ಕುದುರೆ ಹೊಳೆ ನಡುವೆ, ಹಾಗೇ ನಿಂತುಬಿಡುತ್ತದೆ.

ಐ.ಡಿ.ಹಳ್ಳಿಯ ಚೌಡಯ್ಯ ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣಿಲ್ಲ. ಅವರಿಗೆ ಹೂಂಗುಟ್ಟುತ್ತಿದ್ದದ್ದು ಒಂದು ಹಳೇ ಕಂಪ್ಯೂಟರು. ಒಳಗಿದ್ದ ಲಿನಕ್ಸು ಅನ್ನುವ ತಂತ್ರಾಂಶ ಅವರು ಒತ್ತಿದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಹೋದ ತಿಂಗಳ ಸಿಡಿಲಿಗೆ ಅದರ ಸೌಂಡ್ ಕಾರ್ಡು ಸುಟ್ಟಿತು. ಯಂತ್ರ ಬದುಕಿತ್ತು, ದನಿ ಹೋಗಿತ್ತು. ಅಂದಿನಿಂದ ಕೀಲಿಮಣೆ ಮುಂದೆ ಕೂತರೆ ಹೊರಗಿನಿಂದ ಅಗಳಿ ಹಾಕಿದ ಕೋಣೆಯಲ್ಲಿ ಕೂತ ಹಾಗೆ. ಏನು ಒತ್ತಿದೆ, ಏನು ಅಳಿಸಿದೆ, ಒಂದೂ ತಿಳಿಯದು.

ಅವರ ತಾಯಿ ಸಣ್ಣಕ್ಕ ಕಣ್ಣುಮುಚ್ಚುವ ಮುಂಚೆ ಹಟ್ಟಿ ದೇವರ ಕಥೆಯನ್ನು ಮಗನಿಗೆ ಪೂರಾ ಹೇಳಿಹೋಗಿದ್ದಳು. ಮುಕ್ಕಾಲು ಪಾಲು ಟೈಪಾಗಿತ್ತು. ಉಳಿದ ಕಾಲು ಮೇಷ್ಟ್ರ ತಲೆಯೊಳಗೆ ಮಾತ್ರ ಇತ್ತು, ಈಗ ದಿನಕ್ಕೊಂದು ಸೊಲ್ಲು ಜಾರುತ್ತಿತ್ತು.

"ಫೋನಿಗೆ ಹೇಳಿ ಇಟ್ಕಬಾರ್ದಾ?" ಎಂದಳು ಹೆಂಡತಿ ಮಾರಕ್ಕ.

"ನಂಗೆ ಕಥೆ ಬಾಯಿಗೆ ಬರಲ್ಲ ಕಣೇ. ಬೆರಳಿಗೆ ಬರ್ತದೆ."

ಕೊರಟಗೆರೆಯ ಗುಜರಿ ಅಂಗಡಿಯಲ್ಲಿ ಆ ಕಂಪ್ಯೂಟರಿಗೆ ಹೊಂದುವಂಥ ಒಂದು ಹಳೇ ಕಾರ್ಡು ಸಿಕ್ಕಿತು. ಅಂಗಡಿಯವನು, "ನಂಬರು ಐದಕ್ಕೆ ಇಟ್ಟಿವ್ನಿ ಮೇಷ್ಟ್ರೇ, ಅಲ್ಲಾಡಿಸ್ಬೇಡಿ" ಎಂದಿದ್ದ.

ಹೊಸ ಕಾರ್ಡುಗಳು ತಮ್ಮ ಊರು ಹೆಸರು ತಾವೇ ಹೇಳಿಕೊಳ್ಳುತ್ತವೆ. ಹಳೆಯವು ಬಾಯಿ ಬಿಡುವುದಿಲ್ಲ. ಅದರ ವಿಳಾಸ ಯಾವುದು, ದನಿ ಹೊತ್ತು ತರುವ ದಾರಿ ಯಾವುದು, ಅದು ತಟ್ಟುವ ಬಾಗಿಲು ಯಾವುದು, ಈ ಮೂರು ನಂಬರನ್ನೂ ಕಾರ್ಡು ನಡೆಸುವ ಡ್ರೈವರು ಪ್ರೋಗ್ರಾಮಿಗೆ ನಾವೇ ಹೇಳಿಕೊಡಬೇಕು. ಕೊಟ್ಟ ಒಂದು ತುತ್ತು ದನಿಯನ್ನು ನುಡಿಸಿ ಮುಗಿಸಿದ ಮೇಲೆ ಕಾರ್ಡು ತನ್ನ ಬಾಗಿಲು ತಟ್ಟಿ ಹೂಂ ಅನ್ನುತ್ತದೆ. ಆಗಲೇ ಯಂತ್ರ ಮುಂದಿನ ತುತ್ತು ಕೊಡುವುದು.

ಮೇಷ್ಟ್ರು ಕಾರ್ಡು ಜೋಡಿಸಿ, ಬಾಗಿಲಿಗೆ ಐದು ಎಂದು ಬರೆದು, ಉಳಿದದ್ದನ್ನೂ ಅಂದಾಜಿನ ಮೇಲೆ ಟೈಪ್ ಮಾಡಿದರು. ಏಳನೇ ಕ್ಲಾಸು ಓದಿದ್ದ ಮಾರಕ್ಕ ಪರದೆಯ ಅಕ್ಷರವನ್ನು ಒಂದೊಂದಾಗಿ ಹೆಕ್ಕಿ ಹೇಳಿದಳು. ಕೊನೆಗೆ ಎಂಟರ್ ಒತ್ತಿದರು.

"ಶರ... ಶರ... ಶರ... ಶರ..."

ಯಂತ್ರ ಮೊದಲು ಹೇಳುವ ಮಾತು "ಶರಣಪ್ಪಾ ಚೌಡಯ್ಯ". ಅದು ಬಾಯಿ ಬಾಗಿಲಲ್ಲೇ ಸಿಕ್ಕಿಬಿದ್ದಿತ್ತು.

"ಇದೇನ್ರೀ, ಗಾಣಕ್ಕೆ ಕಟ್ಟಿದ ಎತ್ತು ಆಗೋಯ್ತಲ್ಲ!" ಮಾರಕ್ಕ ನಗಲು ನೋಡಿದಳು. ನಗು ಬರಲಿಲ್ಲ.

ವಿಳಾಸ ಬದಲಾಯಿಸಿದರೆ ಆ ಶರವೂ ಇಲ್ಲ. ದಾರಿ ಬದಲಾಯಿಸಿದರೆ ಬರೀ ಗೊರಗೊರ. ಐದು ಮಾತ್ರ ಮೇಷ್ಟ್ರು ಮುಟ್ಟಲಿಲ್ಲ, ಅದು ಅಂಗಡಿಯವನ ಮಾತು. ಹೀಗೆ ಮೂರು ದಿನ. ಮೂರನೆಯ ದಿನ ಮಧ್ಯಾಹ್ನ ಮುದ್ದೆ ಮುಂದೆ ಕೂತವರು ಕೈ ತಡೆದರು.

"ದೇವರ ಏಳು ಕುರಿ ಹೆಸರಲ್ಲಿ ಆರೇ ಸಿಗ್ತಾವೆ ಕಣೇ. ನಿನ್ನೆ ಏಳೂ ಇದ್ವು."

 ಮಾರಕ್ಕ ಮೂಗು ಒರೆಸುವ ಸದ್ದು ಕೇಳಿತು.

"ಯಾಕೆ?"

"ನಂದೇ ತಪ್ಪು. ಯಾರ್ಯಾರ ಮನೇಲಿ ಇದ್ದು ಬಂದ ಕಾರ್ಡೋ ಅಂತ, ನೀವು ಜೋಡ್ಸೋಕೆ ಮುಂಚೆ ಅರಿಸಿನದ ಬಟ್ಟೇಲಿ ಒರೆಸಿ ಕುಂಕುಮ ಇಕ್ಕಿದೆ. ಕರೀ ಟೋಪಿ ಒಂದು ಕಳಚ್ಕೊಂಡು ಬಿತ್ತು. ಎಲ್ಲಿಂದ ಬಿತ್ತೋ ಕಾಣ್ಲಿಲ್ಲ. ಹಿಡಿದ ಕಡೆ ಸಿಕ್ಕಿಸ್ಬುಟ್ಟೆ."

"ಮೂರು ದಿನದಿಂದ ಬಾಯಿಗೆ ಏನು ಅವರೆಕಾಳು ಇಟ್ಕೊಂಡಿದ್ಯಾ?"

"ಕಾರ್ಡು ಸಾಯಿಸ್ಬುಟ್ಟೆ ಅಂದ್ರೆ ಏನ್ ಮಾಡ್ಲಿ? ಅತ್ತೆ ಕಥೆ ನನ್ನಿಂದ ನಿಂತೋಯ್ತು ಅಂತ ಹೆಂಗೆ ಹೇಳ್ಲಿ?"

ಮೇಷ್ಟ್ರು ಕೈ ತೊಳೆದರು. ಕರೆಂಟು ತೆಗೆಸಿ, ಕಾರ್ಡು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಬ್ರೈಲ್ ಓದಿದ ಬೆರಳು. ಅಂಚಿನಲ್ಲಿ ನಾಲ್ಕು ಜೋಡಿ ಮುಳ್ಳು ಸಿಕ್ಕವು; ಯಾವ ಜೋಡಿಗೆ ಟೋಪಿ ಹಾಕಿದೆಯೋ ಆ ನಂಬರಿನ ಬಾಗಿಲನ್ನೇ ಕಾರ್ಡು ತಟ್ಟುವುದು. ಪಕ್ಕದಲ್ಲಿ ಬರೆದದ್ದನ್ನು ಮಾರಕ್ಕ ಓದಿದಳು: ಎರಡು, ಐದು, ಏಳು, ಹತ್ತು. ಟೋಪಿ ಮೂರನೇ ಜೋಡಿಯ ಮೇಲಿತ್ತು. ಕುಂಕುಮದ ಪುಡಿ ಬೆರಳಿಗೆ ಅಂಟಿತು. ಕಾರ್ಡು ಮೂರು ದಿನದಿಂದ ಏಳನೇ ಬಾಗಿಲು ತಟ್ಟುತ್ತಾ ಇತ್ತು. ಯಂತ್ರ ಐದನೇ ಬಾಗಿಲಿಗೆ ಕಿವಿಯಿಟ್ಟು ಕೂತಿತ್ತು.

"ಕಿತ್ತು ಐದಕ್ಕೇ ಹಾಕ್ಲಾ?" ಎಂದಳು.

ಮೇಷ್ಟ್ರು ಕುಂಕುಮವನ್ನು ಉಫ್ ಎಂದು ಊದಿದರು. ಟೋಪಿ ಮುಟ್ಟಲಿಲ್ಲ.

"ನೀನು ಇಟ್ಟ ಕಡೇನೇ ಇರ್ಲಿ ಬುಡು. ಏಳು ಅಂತ ನಾನು ಬರ್ಕೋತೀನಿ."

ಮತ್ತೆ ಜೋಡಿಸಿ, ಐದಿದ್ದ ಕಡೆ ಏಳು ಒತ್ತಿದರು.

"ಶರಣಪ್ಪಾ ಚೌಡಯ್ಯ."

ಮಾರಕ್ಕ ದೇವರ ಗೂಡಿನ ಕಡೆ ಕೈಮುಗಿದಳು. ಮೇಷ್ಟ್ರು ಮುಗಿಯಲಿಲ್ಲ, ಅವರ ಬೆರಳು ಆಗಲೇ ಓಡುತ್ತಿತ್ತು. ಒಂದೊಂದು ಕುರಿಯ ಹೆಸರನ್ನೂ ಯಂತ್ರ ಓದಿ ಹೇಳಿತು. ಆರು ಆದವು. ಬೆರಳು ನಿಂತಿತು. ಏಳನೆಯದು ಬರಲಿಲ್ಲ, ಮಾರಕ್ಕನಿಗೂ ನೆನಪಾಗಲಿಲ್ಲ. ಕಾರ್ಡು ಸರಿಯಿತ್ತು, ಡ್ರೈವರು ಸರಿಯಿತ್ತು; ಹೋದದ್ದು ಹೋಗಿತ್ತು.

 ಮೇಷ್ಟ್ರ ಬೆನ್ನ ಹಿಂದಿನಿಂದ, ಒಲೆ ಪಕ್ಕ ಅತ್ತೆಯ ಎದುರು ಕೂತು ವರ್ಷಗಟ್ಟಲೆ ಹೂಂಗುಟ್ಟಿ ಪಳಗಿದ ದನಿಯಲ್ಲಿ ಮಾರಕ್ಕ ಅಂದಳು:

"ಹೂಂ. ಆಮೇಲೆ?"

ಚೌಡಯ್ಯ ಒಂದು ಹೆಸರಿನಷ್ಟು ಜಾಗ ಬಿಟ್ಟು ಮುಂದಿನ ಸಾಲು ಒತ್ತಿದರು.