ಎಮ್ಮಿಗನೂರಿನಲ್ಲಿ ಲಿಗಾಯ ಹಿಂದಕ್ಕೆ ನಡೆದದ್ದು

೧
ಎಲ್ಲಿಂದ ಶುರು ಮಾಡಲಿ? ಹಂಪಿಯಿಂದ ಬೇಡ. ವಿದೇಶಿ ನರ್ತಕಿ, ಕಲ್ಲಿನ ಮಂಟಪ, ಸೂರ್ಯಾಸ್ತ ಎಂದು ಮೂರು ಸಾಲು ಬರೆದು, ನನಗೇ ನಾಚಿಕೆಯಾಗಿ ಹರಿದು ಹಾಕಿದ್ದೇನೆ. ಹಾಗಾಗಿ ೧೯೮೭ರ ಆಗಸ್ಟ್, ಎಮ್ಮಿಗನೂರು, ಕಾಲುವೆ ನೀರು ನಿಂತ ಗದ್ದೆ. ಕೆಸರಿನಲ್ಲಿ ಲಿಗಾಯ.

ಫಿಲಿಪ್ಪೀನ್ಸ್‌ನಲ್ಲಿ ಹುಟ್ಟಿ, ಐದನೇ ವಯಸ್ಸಿಗೆ ಅಮೆರಿಕ ಸೇರಿ, ಈಗ ಅಲ್ಲಿ ಡಾನ್ಸ್ ಸಂಯೋಜಿಸುವವಳು. ಅವಳ ಅಜ್ಜಿ ಭತ್ತದ ನಾಟಿ ಮಾಡುತ್ತಿದ್ದಳು. ಆ ಅಜ್ಜಿಯ ಮೇಲೊಂದು ಡಾನ್ಸ್ ಕಟ್ಟಬೇಕು. ಆದರೆ ಅಜ್ಜಿ ಹೇಗೆ ಬಾಗುತ್ತಿದ್ದಳು, ಹೇಗೆ ಕಾಲಿಡುತ್ತಿದ್ದಳು, ಒಂದೂ ನೆನಪಿಲ್ಲ.

(ಅಜ್ಜಿಯ ಊರಿಗೇ ಹೋಗಬಹುದಿತ್ತಲ್ಲ? ಹೋಗಿದ್ದಳು. ಗದ್ದೆಯ ಜಾಗದಲ್ಲಿ ಫ್ಯಾಕ್ಟರಿ ಎದ್ದಿತ್ತು. ಹಂಪಿ ನೋಡಲು ಬಂದವಳು, ಬಸ್ಸಿನ ಕಿಟಕಿಯಿಂದ ನಾಟಿ ಕಂಡು ಇಳಿದುಬಿಟ್ಟಳು.)

೨
ನಾಟಿಯ ಹೆಂಗಸರು ಹಿಂದಕ್ಕೆ ನಡೆಯುತ್ತಾರೆ. ಲಿಗಾಯ ಮುಂದಕ್ಕೆ ನಡೆದಳು. ಇಪ್ಪತ್ತು ವರ್ಷ ಪ್ರೇಕ್ಷಕರ ಕಡೆಗೇ ನಡೆದ ಕಾಲು, ಪಾಪ. ತಾನು ನೆಟ್ಟ ಸಸಿಯನ್ನೆಲ್ಲ ತಾನೇ ತುಳಿದಳು. ನಾಟಿ ಗುಂಪಿನ ಹಿರಿಯಳು ಕರೆಮ್ಮ ಆ ಸಾಲನ್ನು ಪೂರ್ತಿ ಕಿತ್ತಳು.

"ಏನ್ ತಂಗಿ, ನೆಡಾಕ ಬಂದೀಯೋ, ಕುಣಿಯಾಕ ಬಂದೀಯೋ?"

(ಭಾಷೆಯ ತೊಂದರೆಯೇ? ಕಾಲೇಜು ಓದಿದ ನೀಲಗಂಗಮ್ಮ ಬದುವಿನ ಮೇಲೆ ನಿಂತು ಅನುವಾದಿಸುತ್ತಿದ್ದಾಳೆ ಎಂದಿಟ್ಟುಕೊಳ್ಳಿ.)

"ನಮ್ಮಜ್ಜಿ ಹೆಂಗ ನಡೀತಿದ್ಲು ಅಂತ ನನಗ ಗೊತ್ತಾಗ್ಬೇಕ್ರಿ," ಎಂದು ಲಿಗಾಯ ಅತ್ತೇಬಿಟ್ಟಳು.

೩
ಇಲ್ಲಿ ಕರೆಮ್ಮನ ಬಾಯಲ್ಲಿ "ಮಣ್ಣೆಲ್ಲ ಒಂದೇ, ತಾಯಿ" ಎಂದು ಬರೆದೆ. ಅವಳು ನನ್ನ ಕಡೆಗೇ ತಿರುಗಿದಳು.

"ಅಂಥಾದ್ದೆಲ್ಲ ನನ್ನ ಬಾಯಾಗ ತುರುಕಬ್ಯಾಡ್ರಿ. ಎಮ್ಮಿಗನೂರು ಮಣ್ಣೇ ಬ್ಯಾರೆ, ಇಲ್ಲೇ ಬಾಜೂಕಿನ ಕಂಪ್ಲಿ ಮಣ್ಣೇ ಬ್ಯಾರೆ. ಆಕಿ ಅಜ್ಜಿ ಹೆಂಗ ನಡೀತಿದ್ಲೋ ನನಗೇನ್ ಗೊತ್ತು? ನಾ ನಡಿಯೋದು ತೋರಸ್ತೀನಿ. ಬೇಕಾದ್ರ ಕಲೀಲಿ."

ಕರೆಮ್ಮನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇಲ್ಲೇ.

೪
ಮುಕ್ತಾಯ ಒಂದು: ನ್ಯೂಯಾರ್ಕ್, ರಂಗಮಂಚ, ಚಪ್ಪಾಳೆ.

ಮುಕ್ತಾಯ ಎರಡು: ಡಾನ್ಸ್ ಬಿಟ್ಟು ಇಲ್ಲೇ ನೆಲೆಸುತ್ತಾಳೆ. (ಯಾರ ಮನೆಯಲ್ಲಿ? ನಾನು ಯೋಚಿಸಿಲ್ಲ.)

ಎರಡನ್ನೂ ಕರೆಮ್ಮನಿಗೆ ಓದಿ ಹೇಳಿದೆ. "ಇನ್ನೂ ಅರ್ಧ ಗದ್ದಿ ಐತಿ, ಸರೀರಿ ಅತ್ಲಾಗ," ಎಂದಳು.

೫
ಕರೆಮ್ಮ ಲಿಗಾಯಳ ಹಿಂದೆ ನಿಂತು ಅವಳ ಸೊಂಟ ಹಿಡಿದಳು.

"ತಿರುಗಿ ನೋಡಬ್ಯಾಡ. ಹಿಂದ ನಾ ಅದೀನಿ."

ಒಂದು ಸಸಿ, ಒಂದು ಹೆಜ್ಜೆ ಹಿಂದಕ್ಕೆ. ಮೊದಮೊದಲು ತಡವರಿಸಿದಳು. ಬೆನ್ನು ನೋಯತೊಡಗಿತು. ಅಜ್ಜಿಗೂ ಇಲ್ಲೇ ನೋಯುತ್ತಿತ್ತೇನೋ ಎನ್ನಿಸಿ, ಇಷ್ಟು ವರ್ಷಕ್ಕೆ ಮೊದಲ ಸಲ ಅಜ್ಜಿಯ ಬಗ್ಗೆ ಒಂದು ವಿಷಯ ಗೊತ್ತಾದ ಖುಷಿಗೆ ನಕ್ಕಳು. ಸಾಲು ನೇರವಾಗಿಯೇ ಬರುತ್ತಿತ್ತು.

ಡಾನ್ಸ್ ಮುಗಿಯಿತೇ ಎಂದು ಕೇಳಬೇಡಿ. ಕರೆಮ್ಮ ಕೈ ಬಿಟ್ಟು ಹತ್ತು ಹೆಜ್ಜೆಯಾಯಿತು. ಸೊಂಟದ ಮೇಲೆ ಆ ಕೈ ಇನ್ನೂ ಇದೆಯೆಂದೇ ನಂಬಿ ಲಿಗಾಯ ಹಿಂದಕ್ಕೆ ನಡೆಯುತ್ತಿದ್ದಾಳೆ. ನಾನು ಅವಳಿಗೆ ಹೇಳುವುದಿಲ್ಲ. ನೀವೂ ಹೇಳಬೇಡಿ.