ತೊಟ್ಟಿಲ ಕೊಳವೆ

ಆರು ಮಕ್ಕಳನ್ನು ಸಾಕಿದವಳು ನಾನು. ಕೂಸಿನ ಅಳುವಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ನಮ್ಮ ಮರ್ಗಿಲಾನ್ ಪಟ್ಟಣದಲ್ಲಿ ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ.

ಸೊಸೆ ಜುಮ್ರಾದ್ ಅಂತೂ ಶುದ್ಧ ಕಲ್ಲು. ಮದುವೆಯಾಗಿ ಬಂದ ಹೊಸತರಲ್ಲಿ, ಪಕ್ಕದ ಮನೆ ಹದಿಚಾಳ ಮೊಮ್ಮಗ ಗಂಟಲು ಹರಿಯುವಂತೆ ಅರಚಿದರೂ ತಲೆ ಎತ್ತದೆ ಹಿಟ್ಟು ನಾದುತ್ತಿದ್ದಳು. "ಕಿವಿಗೇನು ಹತ್ತಿ ಇಟ್ಕೊಂಡಿದೀಯೇನೇ?" ಎಂದರೆ, "ಮಕ್ಕಳು ಅಳದೆ ಇನ್ನೇನ್ ಮಾಡ್ತಾವೆ ಅತ್ತೆ?" ಎನ್ನುತ್ತಿದ್ದಳು. ಇಂಥವಳು ಎಂಥ ತಾಯಿಯಾಗುತ್ತಾಳೋ ಎಂದು ನನಗೆ ನಿಜಕ್ಕೂ ಭಯವಿತ್ತು.

ಅವಳು ಹೆತ್ತ ಮೊಮ್ಮಗಳನ್ನು ಮೊದಲ ಸಲ ತೊಟ್ಟಿಲಲ್ಲಿ ಕಟ್ಟಿ ಮಲಗಿಸುವ ದಿನ ಮನೆ ತುಂಬ ಮುದುಕಿಯರು, ಗದ್ದಲ. ತೊಟ್ಟಿಲನ್ನು ಬೀಗರು ತಂದಿದ್ದರು. ಉಚ್ಚೆ ಕೆಳಗಿನ ಕುಡಿಕೆಗೆ ಇಳಿಯಲೆಂದು ಕೂಸಿನ ಕಾಲ ಸಂದಿಗೆ ಇಡುವ ಮರದ ಕೊಳವೆಯೂ ಜೊತೆಗಿತ್ತು. ನಾನು ಬಿಡಬೇಕಲ್ಲ! ನನ್ನ ಆರು ಮಕ್ಕಳಿಗೂ ಇಟ್ಟಿದ್ದ ಹಳೆಯ ಕೊಳವೆಯನ್ನು ಪೆಟ್ಟಿಗೆಯಿಂದ ತೆಗೆದು, ಇದೇ ಶುಭ ಎಂದು ಅದನ್ನೇ ಇಟ್ಟು ಪಟ್ಟಿ ಬಿಗಿದೆ.

ಮಗು ಕಿಟಾರನೆ ಕಿರುಚಿತು.

"ಹಸಿವು," ಎಂದೆ ನಾನು. "ಹೊಟ್ಟೆನೋವು ಕಣೇ," ಎಂದಳು ಹದಿಚಾ. ಇನ್ನೊಬ್ಬಳು ದೃಷ್ಟಿಯಾಗಿದೆ ಎಂದು ಹೊಗೆ ಹಾಕಲು ಎದ್ದಳು.

ಬಾಗಿಲ ಬಳಿ ಚಹಾ ಸುರಿಯುತ್ತಿದ್ದ ಜುಮ್ರಾದ್ ಕೆಟಲ್ ಕೆಳಗಿಟ್ಟವಳೇ, ನೆಲದಲ್ಲಿ ಹಾಸಿದ್ದ ಊಟದ ಬಟ್ಟೆಯನ್ನು, ಅದರ ಮೇಲಿದ್ದ ರೊಟ್ಟಿಯನ್ನು ದಾಟಿಕೊಂಡು ನೇರ ಬಂದಳು. ರೊಟ್ಟಿ ದಾಟುವುದೆಂದರೆ ನಮ್ಮಲ್ಲಿ ಮಹಾಪಾಪ! ಅಯ್ಯೋ ದೇವರೇ, ಅಷ್ಟು ಜನರೆದುರು ನನ್ನ ಮಾನ ಮೂರು ಕಾಸಿಗೆ ಹೋಯಿತು.

"ಕೈ ತೆಗೀರಿ ಅತ್ತೆ. ಹಸಿವಿನ ಅಳು ಹಿಂಗಿರಲ್ಲ. ಏನೋ ಒತ್ತುತಾ ಇದೆ ಅವಳಿಗೆ."

ಸರಸರ ಪಟ್ಟಿ ಬಿಚ್ಚಿದಳು. ಕೂಸಿನ ತೊಡೆಯ ಮೇಲೆ ಕೆಂಪನೆಯ ಬರೆ. ನಾನಿಟ್ಟದ್ದು ಗಂಡುಮಕ್ಕಳ ಕೊಳವೆ! ಹೆಣ್ಣುಕೂಸಿನದರ ಆಕಾರವೇ ಬೇರೆ. ನಾನು ಹೆತ್ತದ್ದು ಆರೂ ಗಂಡು. ಇನ್ನೊಂದು ಬಗೆಯ ಕೊಳವೆ ಇದೆಯೆಂಬುದೇ ನನಗೆ ಮರೆತುಹೋಗಿತ್ತು.

ಎಲ್ಲರೂ ನನ್ನನ್ನೇ ನೋಡಿದರು. ಸೊಸೆಯನ್ನು ಬೈದು ಮಾನ ಉಳಿಸಿಕೊಳ್ಳಬಹುದಿತ್ತು. ರೊಟ್ಟಿ ದಾಟಿದವಳ ಪರ ಯಾರು ಮಾತಾಡುತ್ತಾರೆ? ಆದರೆ ಆ ಬರೆ ನನ್ನ ಕಣ್ಣೆದುರೇ ಇತ್ತು. ರೊಟ್ಟಿ ಎತ್ತಿ, ಮುತ್ತಿಟ್ಟು, ಹಣೆಗೊತ್ತಿಕೊಂಡೆ. "ತಪ್ಪು ನಂದು. ಕೊಳವೆ ಬದಲಾಯಿಸಿದ್ದು ನಾನೇ," ಎಂದೆ.

"ಆರು ಹೆತ್ತೋಳಿಗೆ ಗಂಡ್ಯಾವ್ದು ಹೆಣ್ಯಾವ್ದು ತಿಳೀಲಿಲ್ವೇನೇ!" ಎಂದು ಹದಿಚಾ ಬಿದ್ದು ಬಿದ್ದು ನಕ್ಕಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬೀಗರು ತಂದ ಕೊಳವೆಯನ್ನೇ ಇಟ್ಟು ಕಟ್ಟಿ ಮಲಗಿಸಿದ ಸ್ವಲ್ಪ ಹೊತ್ತಿಗೆ ಮಗು ಮತ್ತೆ ಕುಂಯ್‌ಗುಟ್ಟಿತು. ಮುದುಕಿಯರೆಲ್ಲ ಒಟ್ಟಿಗೆ ಬಾಯಿ ತೆರೆದರು.

"ಸುಮ್ನಿರ್ರೇ ಎಲ್ಲಾ!" ಎಂದು ಗದರಿದೆ. ಆಮೇಲೆ ಜುಮ್ರಾದ್ ಕಡೆ ತಿರುಗಿ, "ಏನಂತಮ್ಮಾ ಅವಳಿಗೆ?" ಎಂದು ಕೇಳಿದೆ.